ಸೀಟಿಲ್ಲದ ಕಾರಿನಲ್ಲಿ ಅಪ್ಪ

"ನಾನೆಲ್ಲಪ್ಪಾ ಕೂರ್ಲಿ?" ಎಂದು ಅಪ್ಪ ಕಾರಿನೊಳಗೆ ಇಣುಕಿದರು. ಮೈಮೇಲೆ ಮದುವೆಗೆ ಹಾಕುವ ಕೋಟು, ಕೈಯಲ್ಲಿ ಪೂಜೆಯ ತೆಂಗಿನಕಾಯಿ. ಬಿ.ಎ. ಓದಿದ ಮಗ ಪಂದ್ಯಕ್ಕೆಂದು ಸಜ್ಜುಮಾಡಿದ ಕಾರಿನಲ್ಲಿ ಊರಿಗೆ ಮರಳಬೇಕೆಂದು ನಮ್ಮೂರು ಹೊಸಹಳ್ಳಿಯಿಂದ ನಾಯಂಡಹಳ್ಳಿಯ ನಮ್ಮ ಷೆಡ್ಡಿಗೆ ನಡೆದೇ ಬಂದಿದ್ದರು.

ಮರುದಿನ ಹಗಲಿಡೀ ನಡೆಯುವ ಕಾರು ಪಂದ್ಯವಿತ್ತು. ಭಾರ ಇಳಿಯಲೆಂದು ನಾನೂ ಗೆಳೆಯ ನಂಜುಂಡನೂ ಆ ಹಳೇ ಕಾರಿನ ಬಾಗಿಲು, ಸೀಟು ಎಲ್ಲ ಕಿತ್ತಿದ್ದೆವು. ಡ್ರೈವರ್ ಸೀಟೊಂದೇ ಉಳಿದಿತ್ತು.

"ಒಂದ್ನಿಮಿಷ ಯಜಮಾನ್ರೇ, ಸೀಟ್ ಹಾಕ್ಬಿಡ್ತೀವಿ" ಎಂದು ನಂಜುಂಡ ಸ್ಪ್ಯಾನರ್ ಹುಡುಕಿದ.

"ಬಿಡಯ್ಯ, ನಮ್ಮ ಎತ್ತಿನ ಗಾಡೀಲಿ ಸೀಟಿತ್ತಾ?" ಎಂದ ಅಪ್ಪ ಗೋಣಿಚೀಲ ಹಾಸಿಕೊಂಡು ಕೂತೇಬಿಟ್ಟರು.

ಪಂದ್ಯದಲ್ಲಿ ನಾವೇ ಕೊನೆ. ಆದರೆ ಅದರ ಹಿಂದಿನ ದಿನ ಕಾರಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಊರಿನ ಬೀದಿಯುದ್ದಕ್ಕೂ ಕಂಡವರಿಗೆಲ್ಲ ನಗುತ್ತ ಕೈಮುಗಿದ ಅಪ್ಪ ಕಣ್ಣಿಗೆ ಕಟ್ಟಿದಂತಿದ್ದಾರೆ. ನಾನು ಬಿ.ಎ. ಪಾಸಾದ ದಿನವೂ ಅವರು ಅಷ್ಟು ನಕ್ಕಿರಲಿಲ್ಲ.