ಏಳು ಅಡ್ಡರಸ್ತೆಗೆ ಒಂದೇ ಚಪ್ಪಡಿ

ಪೀಣ್ಯದ ಕಾರ್ಖಾನೆಯೊಂದರಲ್ಲಿ ದೇವಕ್ಕ ಇಪ್ಪತ್ತೆಂಟು ವರ್ಷ ಬೇರಿಂಗ್‌ಗಳ ತಪಾಸಣೆ ಮಾಡಿದವರು. ಅಲ್ಲಿ ಅವರಿಗೆ ಇದ್ದ ನಿಯಮ ಒಂದೇ: ಕೈಯಲ್ಲಿ ಹಿಡಿದು ನೋಡದ ಮಾಲಿಗೆ ಓಕೆ ಕೊಡಬಾರದು. ನಿವೃತ್ತಿಯ ನಂತರ ಮಾದನಾಯಕನಹಳ್ಳಿಯ ಗೋದಾಮುಗಳ ಹಿಂದಿರುವ ತಮ್ಮ ಬಡಾವಣೆಯ ನಾಗರಿಕರ ಸಂಘಕ್ಕೆ ಕಾರ್ಯದರ್ಶಿಯಾದರು. ಸಂಬಳವಿಲ್ಲದ ಕೆಲಸ. ಆ ನಿಯಮವನ್ನು ಅವರು ಮುರಿದದ್ದು ಒಮ್ಮೆ ಮಾತ್ರ, ಈ ಜೂನ್‌ನಲ್ಲಿ.

ಮೂರನೇ ಅಡ್ಡರಸ್ತೆಯ ಚರಂಡಿಯ ಚಪ್ಪಡಿಯನ್ನು ಲಾರಿಯೊಂದು ಪುಡಿ ಮಾಡಿತ್ತು. ದೇವಕ್ಕ ನಗರಸಭೆಯ ಆ್ಯಪ್‌ನಲ್ಲಿ ದೂರು ಹಾಕಿದರು. ನಾಲ್ಕನೇ ವಾರ ಉತ್ತರವಾಗಿ ಒಂದು ಫೋಟೊ ಬಂತು: ಹೊಸ ಚಪ್ಪಡಿ, ಮುಚ್ಚಿದ ಗುಂಡಿ. ಕೆಳಗೆ ಪ್ರಶ್ನೆ: 'ನಿಮಗೆ ತೃಪ್ತಿಯಾಗಿದೆಯೇ?' ಆ ದಿನ ಅವರು ತುಮಕೂರಿನ ತಂಗಿಯ ಮನೆಯಲ್ಲಿದ್ದರು. ಅಲ್ಲಿಂದಲೇ 'ಹೌದು' ಒತ್ತಿ, ಸಂಘದ ವಾಟ್ಸ್ಆ್ಯಪ್ ಗುಂಪಿಗೆ 'ಚಪ್ಪಡಿ ಹಾಕಿದ್ದಾರೆ' ಎಂದು ಬರೆದರು. ಇಪ್ಪತ್ತಮೂರು ಜನ ಕೈಮುಗಿದರು.

ಎರಡು ದಿನಗಳ ನಂತರ ಮಳೆ ಬಂತು. ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ, ಯಾದಗಿರಿ ಕಡೆಯ ರುಕ್ಮವ್ವ ಸಂಜೆ ಮೂರನೇ ಅಡ್ಡರಸ್ತೆಯ ತಮ್ಮ ಮನೆಗೆ ಹೊರಟರು. ರಸ್ತೆ ತುಂಬ ನೀರು. ಗುಂಪಿನ ಸಂದೇಶ ಓದಿದ್ದರಿಂದ ಧೈರ್ಯವಾಗಿ ಕಾಲಿಟ್ಟರು. ಅಲ್ಲಿ ಚಪ್ಪಡಿ ಇರಲಿಲ್ಲ. ಕಣಕಾಲಿನ ಮೂಳೆ ಎರಡು ಕಡೆ ಮುರಿಯಿತು. ಒಂದು ವಾರದೊಳಗೆ ಗೋದಾಮಿನವರು ಅವರ ಜಾಗಕ್ಕೆ ಬೇರೆಯವರನ್ನು ತಂದರು.

ದೇವಕ್ಕ ವಾರ್ಡ್ ಕಚೇರಿಗೆ ಹೋದರು. ಎಂಜಿನಿಯರ್ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದರು.

"ನೀವೇ ಓಕೆ ಕೊಟ್ಟಿದ್ದೀರಲ್ಲ ಮೇಡಂ. ಕ್ಲೋಸ್ ಆಗಿರೋ ಕಂಪ್ಲೇಂಟು."

"ಕಾಲು ಮುರ್ದಿರೋದು ನಿಜ ತಾನೆ ಸಾರ್?"

"ಅದಕ್ಕೆ ಬೇರೆ ಕಾಲಮ್ಮಿಲ್ಲ."

ಮನೆಗೆ ಬಂದು ದೇವಕ್ಕ ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದರು. ಚಪ್ಪಡಿಯ ಬಲ ಮೂಲೆಯಲ್ಲಿ ನಾಯಿಯ ಹೆಜ್ಜೆ ಮೂಡಿತ್ತು. ಸಿಮೆಂಟ್ ಹಸಿಯಾಗಿದ್ದಾಗ ತುಳಿದದ್ದು. ಬಡಾವಣೆಯಲ್ಲಿ ಹಾಗೆ 'ಮುಗಿದ' ಉಳಿದ ದೂರುಗಳನ್ನೂ ತೆರೆದರು. ಐದನೇ ಅಡ್ಡರಸ್ತೆಯಲ್ಲಿ ಅದೇ ಮೂಲೆ, ಅದೇ ಹೆಜ್ಜೆ. ಎಂಟನೆಯದರಲ್ಲೂ. ಒಟ್ಟು ಏಳು ಕಡೆ. ಒಂದು ಚಪ್ಪಡಿ ತರುವುದು, ಇಡುವುದು, ಫೋಟೊ ತೆಗೆಯುವುದು, ಎತ್ತಿಕೊಂಡು ಹೋಗುವುದು. ಹೋಗಿ ನೋಡಿದರೆ ಏಳು ಗುಂಡಿಗಳೂ ಬಾಯಿ ತೆರೆದೇ ಇದ್ದವು. ಏಳಕ್ಕೂ ಬಡಾವಣೆಯ ಯಾರೋ ಒಬ್ಬರು ಮನೆಯಲ್ಲೇ ಕುಳಿತು 'ಹೌದು' ಒತ್ತಿದ್ದರು.

ಅವರು ಯಾರಿಗೂ ಹೇಳದೆ ಮೂರನೇ ಅಡ್ಡರಸ್ತೆಗೆ ಹೊಸ ದೂರು ಹಾಕಿ ಕಾದರು. ಹನ್ನೊಂದನೇ ದಿನ ಬೆಳಗ್ಗೆ ಗೂಡ್ಸ್ ಆಟೋ ಬಂತು. ಕೂಲಿಗಳಾದ ನೀಲಪ್ಪ, ಯಂಕಪ್ಪ ಚಪ್ಪಡಿ ಇಳಿಸಿ ಗುಂಡಿಯ ಮೇಲಿಟ್ಟರು. ಗುತ್ತಿಗೆದಾರನ ಮೇಸ್ತ್ರಿ ಮುನಿಕೃಷ್ಣ ಫೋಟೊ ತೆಗೆದ. ಅವನು ಫೋನು ಜೇಬಿಗಿಡುವಷ್ಟರಲ್ಲಿ ದೇವಕ್ಕ ಪ್ಲಾಸ್ಟಿಕ್ ಕುರ್ಚಿ ತಂದು ಚಪ್ಪಡಿಯ ಮೇಲೆ ಹಾಕಿ, ಊರುಗೋಲು ಹಿಡಿದು ಬಂದ ರುಕ್ಮವ್ವನನ್ನು ಕೂರಿಸಿದರು. ಪಕ್ಕದಲ್ಲಿ ತಾವೂ ನಿಂತರು.

"ಏಳಿ ಅಕ್ಕ, ಲೆವೆಲ್ ನೋಡ್ಬೇಕು," ಎಂದ ಮುನಿಕೃಷ್ಣ.

"ಕೂತಿದೀವಲ್ಲ, ಅಲ್ಲಾಡ್ತಿಲ್ಲ. ಲೆವೆಲ್ ಸರಿಯಾಗಿದೆ. ಸಿಮೆಂಟ್ ತರ್ಸಿ."

"ಸಿಮೆಂಟ್ ಈ ಕೆಲಸದಲ್ಲಿ ಬರಲ್ಲಕ್ಕ."

ರುಕ್ಮವ್ವ ಕೂಲಿಗಳ ಕಡೆ ತಿರುಗಿದರು. "ಏನಲೇ ತಮ್ಮಾ, ಇದು ಕಲ್ಲೋ, ದೇವರ ಪಲ್ಲಕ್ಕಿಯೋ? ಓಣಿ ಓಣಿ ಹೊತ್ಕೊಂಡು ತಿರಗಲಾಕತ್ತೀರಿ?"

ಯಂಕಪ್ಪ ತಲೆ ತಗ್ಗಿಸಿದ. "ಎತ್ತು ಅಂದ್ರ ಎತ್ತತೀವಿ, ಇಡು ಅಂದ್ರ ಇಡತೀವಿ ಯಕ್ಕಾ."

"ಹಂಗಾರ ಇವತ್ತು ಇಡು ಅಂತೀನಿ. ನನ್ನ ಕಾಲಿನ ಮ್ಯಾಲೆ ಆಣಿ."

ಅಷ್ಟರಲ್ಲಿ ಬೀದಿಯ ಹೆಂಗಸರು ಬಂದು ಸುತ್ತ ನಿಂತಿದ್ದರು. ಮುನಿಕೃಷ್ಣ ಮೂರು ಬಾರಿ ಫೋನು ಮಾಡಿದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಮೂಟೆ ಸಿಮೆಂಟ್ ಬಂತು. ನೀಲಪ್ಪ ನಾಲ್ಕೂ ಅಂಚು ಬೆಸೆದ.

ಕೆಲಸ ಮುಗಿಯುತ್ತಿದ್ದಂತೆ ದೇವಕ್ಕನ ಫೋನು ಸದ್ದು ಮಾಡಿತು: 'ನಿಮಗೆ ತೃಪ್ತಿಯಾಗಿದೆಯೇ?'

"ಒತ್ಬಿಡಿ ಅಕ್ಕ, ನಿಮ್ಮ ಕೆಲ್ಸ ಆಯ್ತಲ್ಲ," ಎಂದ ಮುನಿಕೃಷ್ಣ.

ದೇವಕ್ಕ ಫೋನನ್ನು ರುಕ್ಮವ್ವನ ಕೈಗೆ ಕೊಟ್ಟರು. ರುಕ್ಮವ್ವ ಊರುಗೋಲಿನಿಂದ ಚಪ್ಪಡಿಯನ್ನು ಕುಟ್ಟಿ ನೋಡಿದರು, ಅದು ಕದಲಲಿಲ್ಲ.

"ಇದು ಗಟ್ಟಿ ಆತು," ಎಂದರು. "ಇನ್ನ ಆರು ಎಲ್ಲದಾವ?"

ರುಕ್ಮವ್ವ 'ಇಲ್ಲ' ಒತ್ತಿದರು.