ಜಾಲರಿಯೋ, ಗಾಜೋ?

ನನ್ನ ಗೇಮಿಂಗ್ ಕಂಪ್ಯೂಟರಿನ ಹೊರಪೆಟ್ಟಿಗೆ, ಆ ಹಳೆಯ ಕೇಸ್ ಬಿಚ್ಚಿದರೆ ಒಳಗೆಲ್ಲ ಅದಿರಿನ ಕೆಂಪು ಧೂಳು. ಅದರ ವಾಸನೆಗೆ ಗಣಿ ಊರು ಯಶವಂತನಗರದ ಅಜ್ಜನ ಮನೆ ನೆನಪಾಯಿತು.

ಗಣಿಯಲ್ಲಿ ದುಡಿದ ಅಜ್ಜನಿಗೆ ದಮ್ಮಿತ್ತು. "ಕಿಟಕಿ ತೆಗಿಯೇ, ಉಸಿರು ಕಟ್ತೈತಿ" ಅನ್ನುತ್ತಿದ್ದ.

"ತೆಗೆದ್ರ ಅದಿರಿನ ಲಾರಿ ಧೂಳು ಬರ್ತೈತ್ರಿ, ಮತ್ತ ಕೆಮ್ಮತೀರಿ" ಎನ್ನುತ್ತಿದ್ದಳು ಅಜ್ಜಿ. ಕಿಟಕಿಗೆ ಒದ್ದೆ ಸೀರೆ ಕಟ್ಟಿದಳು. ಸೀರೆ ಕೆಂಪಾಯಿತು, ಗಾಳಿಯೂ ನಿಂತಿತು. ಆಮೇಲಾಮೇಲೆ ಚಿಲಕದ ಮೇಲೆ ಕೈಯಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದಳು. ಯಾರ ಮಾತು ಸರಿಯೋ ನನಗೆ ತಿಳಿಯುತ್ತಿರಲಿಲ್ಲ.

ಇವತ್ತು ಹೊಸಪೇಟೆಯ ಅಂಗಡಿಯವನು ಎರಡು ಹೊಸ ಕೇಸ್ ಮುಂದಿಟ್ಟ; ಒಂದರ ಮುಖಕ್ಕೆ ಜಾಲರಿ, ಇನ್ನೊಂದಕ್ಕೆ ಗಾಜು. "ಜಾಲರಿದು ಭಾಳ ತಂಪ್ರಿ, ಆದ್ರ ಧೂಳು ಹೊಕ್ತೈತಿ. ಗಾಜಿಂದು ಧೂಳು ಕಮ್ಮಿ, ಆದ್ರ ಕಾಯ್ತೈತಿ." ನಾನು ಎರಡನ್ನೂ ತಿರುಗಿಸಿ ನೋಡುತ್ತಿದ್ದಾಗ ಹೇಳಿದ: "ಜಾಲರಿದ ಒಯ್ರಿ. ಆಗಾಗ ಬಿಚ್ಚಿ ಊದಿದ್ರ ಆತ್ರಿ."

ಬಿಚ್ಚಿ ಊದಿದರಾಯಿತು! ಅಜ್ಜನ ಎದೆಯನ್ನು ಹಾಗೆ ಬಿಚ್ಚಿ ಊದಲಾಗುತ್ತಿತ್ತೇ? ಅಜ್ಜಿಗೆ ಆ ದಾರಿಯೂ ಇರಲಿಲ್ಲ. ನನಗಿದೆ. ಆದರೂ ಎರಡರ ಮೇಲೂ ಕೈಯಿಟ್ಟು ನಿಂತೇ ಇದ್ದೆ.