ಕಂಪ್ಯೂಟರ್ ತಡವರಿಸಿದ ಸೋಮವಾರ

2005ರ ಮಾರ್ಚ್ ತಿಂಗಳು. ಆಗ ನಾವು ತ್ಯಾಗರಾಜನಗರದಲ್ಲಿ ಬಾಡಿಗೆಗಿದ್ದೆವು. ನನಗೆ ಕಣ್ಣು ಕಾಣುವುದಿಲ್ಲ, ಮದುವೆಯಾದ ಮೇಲೆ ಹೋದ ದೃಷ್ಟಿ. ಆದರೂ ನಂಬಿದ ದೇವರು ಶಿವ ಕೈಬಿಡಲಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದ ಸಹಾಯದಿಂದ ಕಂಪ್ಯೂಟರ್ ಕಲಿತೆ. ಅಂಧ ಹುಡುಗಿಯರ ಹಾಸ್ಟೆಲ್‌ಗೆಂದು ಯಾರಾದರೂ ಪಾಠ ಓದಿ ರೆಕಾರ್ಡ್ ಮಾಡಿದರೆ, ಅದರಲ್ಲಿನ ಕೆಮ್ಮು, ತಪ್ಪು ಓದಿದ್ದು ಎಲ್ಲ ಕತ್ತರಿಸಿ ಸಿ.ಡಿ. ಮಾಡಿಕೊಡುತ್ತಿದ್ದೆ.

ಆ ಸೋಮವಾರ ಸಂಜೆ ವಾರ್ಡನ್ ಬಂದು ಇತಿಹಾಸದ ಸಿ.ಡಿ. ಒಯ್ಯುವವರಿದ್ದರು. ಬುಧವಾರವೇ ಹುಡುಗಿಯರಿಗೆ ಪರೀಕ್ಷೆ. ಪೂಜೆ, ಅಡುಗೆ ಮುಗಿಸಿ ಕೂತರೆ ಕಂಪ್ಯೂಟರ್ ಬಾಯೇ ಬಿಡದು. ಕೀಲಿ ಒತ್ತಿ ಕಾದು ಕಾದು ಸಾಕಾದ ಮೇಲೆ ಒಂದು ಮಾತು. ಎಲ್ಲಿದ್ದೇನೆಂದು ತಿಳಿಯದೆ, ಕೆಮ್ಮಿನ ಜೊತೆ ಒಂದು ಇಡೀ ವಾಕ್ಯವನ್ನೇ ಕತ್ತರಿಸಿದೆ. ಆರಿಸಿ ಮತ್ತೆ ಹಾಕಿದರೂ ಅದೇ ಕಥೆ. ಎದ್ದು ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. ಗಡಿಯಾರ ಎರಡು ಹೊಡೆಯಿತು. ಬಾಯಿಗೆ ಬಂದಂತೆ ಬೈದೆ.

ಕೊನೆಗೆ ನನಗೆ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರಿಗೂ ಕಣ್ಣಿಲ್ಲ.

"ಪರದೆ ಮೇಲೆ ಏನೋ ಅಲ್ಲಾಡ್ತಿರ್ಬೇಕು ಮೇಡಂ. ಅಲ್ಲಾಡೋದನ್ನೆಲ್ಲಾ ನೋಡ್ತಾ ಕೂತ್ರೆ ಆ ತಂತ್ರಾಂಶ ನಿಮಗೆಲ್ಲಿಂದ ಓದಿ ಹೇಳುತ್ತೆ? ಕಣ್ಣಿರೋರನ್ನ ಕರೆದು ಮಾನಿಟರ್ ನೋಡ್ಸಿ," ಎಂದರು.

ನನಗೇಕೆ ಬೇಕೆಂದು ಮಾನಿಟರನ್ನು ನಾನು ಹಾಕುತ್ತಲೇ ಇರಲಿಲ್ಲ. ಮಹಡಿ ಮೇಲಿದ್ದ ಓನರ್ ಪದ್ಮಕ್ಕನನ್ನು ಕೂಗಿದೆ. ಅವರು ಬಂದು ಮಾನಿಟರ್ ಹಾಕಿದವರೇ, "ಅಯ್ಯೋ ಶಿವನೇ!" ಎಂದರು.

"ಏನಾಯ್ತು ಪದ್ಮಕ್ಕ?"

"ಶಿವನೇ ಕಣ್ರೀ! ಪರದೆ ಮೂಲೇಲಿ ಕೂತಿದಾನೆ. ಮುಂದೆ ದೀಪ ಬೇರೆ ಉರೀತಿದೆ, ನಿಜವಾದ್ದರ ಥರಾನೇ ಅಲ್ಲಾಡ್ತಿದೆ!"

ಕೂಡಲೇ ಯಜಮಾನರ ಅಂಗಡಿಗೆ ಫೋನ್ ಮಾಡಿದೆ.

"ಆ ದೀಪದ ಚಿತ್ರ ನಿನ್ನೆ ನಾನೇ ಹಾಕ್ದೆ. ಕಂಪ್ಯೂಟರ್ ಹಾಕಿದ ಕೂಡ್ಲೇ ತಾನೇ ಹತ್ಕೊಳ್ಳುತ್ತೆ," ಎಂದರು.

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ, ಕಾಣ್ದೋಳಿಗೆ ಯಾಕೆ ಅಂತಿದ್ದೆ. ದಿನಾ ಅದರ ಮುಂದೆ ಕೂರ್ತೀಯಲ್ಲ, ಎದುರಿಗೆ ಒಂದು ದೀಪ ಇರ್ಲಿ ಅನ್ನಿಸ್ತು."

ಸಿ.ಡಿ. ಕೆಲಸ ನಿಂತಿರುವುದನ್ನು ಹೇಳಿದೆ. ಆ ಚಿತ್ರ ಮುಚ್ಚುವುದು ಹೇಗೆಂದು ಅವರೇ ಹೇಳಿಕೊಟ್ಟರು. ಆದರೆ ಪದ್ಮಕ್ಕ ಒಪ್ಪಬೇಕಲ್ಲ!

"ಸೋಮವಾರ ಶಿವನ ಮುಂದಿನ ದೀಪ ಆರ್ಸೋದಾ? ನನ್ ಕೈಲಾಗಲ್ಲಮ್ಮ."

"ಅಷ್ಟು ಹುಡುಗೀರ ಪರೀಕ್ಷೆ ಪದ್ಮಕ್ಕ!"

ಅವರು ನೇರವಾಗಿ ನಮ್ಮ ದೇವರಮನೆಗೆ ಹೋದರು. ಕಡ್ಡಿ ಗೀರಿದ ಸದ್ದು, ಎಣ್ಣೆಬತ್ತಿಯ ವಾಸನೆ. "ಅಲ್ಲಿ ಹಚ್ಚಿದೀನಿ. ಇನ್ನು ಇಲ್ಲಿ ಮುಚ್ಬಹುದು. ಆದ್ರೂ ಬಾಣದ ಗುರುತು ತಂದಿಡೋದಷ್ಟೇ ನಾನು, ಒತ್ತೋದು ನೀವೇ," ಎಂದು ನನ್ನ ಕೈ ಹಿಡಿದು ಮೌಸ್ ಮೇಲಿಟ್ಟರು.

ಮನಸ್ಸಿನಲ್ಲೇ ಕೈಮುಗಿದು ಒತ್ತಿದೆ. ಕಂಪ್ಯೂಟರ್ ಪಟಪಟನೆ ಮಾತಾಡತೊಡಗಿತು. ವಾರ್ಡನ್ ಬಂದಾಗ ಇನ್ನೊಂದು ಪಾಠ ಬಾಕಿಯಿತ್ತು. ಪಾಪ, ಕಾಫಿ ಕುಡಿಯುತ್ತಾ ಕಾದು, ಸಿ.ಡಿ. ಬಿಸಿ ಆರುವ ಮೊದಲೇ ಹಿಡಿದುಕೊಂಡು ಓಡಿದರು.

ಹುಡುಗಿಯರ ಕೈಗೆ ಪಾಠ ಸಿಕ್ಕಿತು, ಅದು ದೇವರ ದಯೆ. ಆದರೆ ನನ್ನ ಮನಸ್ಸಿನಲ್ಲಿ ಇವತ್ತಿಗೂ ಉಳಿದಿರುವುದು ಬೇರೆ. ಬೆಳಗಿನಿಂದ ಬೈದುಕೊಂಡು ಕೂತಿದ್ದೆನಲ್ಲ, ಅಷ್ಟು ಹೊತ್ತೂ ಕಾಣದವಳ ಎದುರಿಗೆ ಯಾರೋ ಪ್ರೀತಿಯಿಂದ ಒಂದು ದೀಪ ಹಚ್ಚಿಟ್ಟಿದ್ದರು.